ಒಪ್ಪಿಗೆ ಯಾರದು?

ಕೆಲವು ದಿನಗಳ ಹಿಂದೆ ಸಂಘದ ಕಾರ್ಯಕ್ರಮ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಷಡ್ಡಕರಿಗೆ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಗಿ ಹದಿನೈದು ದಿನಗಳಾಗಿದ್ದವು. ಆಸ್ಪತ್ರೆಯವರು ಒಂದು ಕಟ್ಟು ಕಾಗದ ಕೊಟ್ಟು, "ನಮ್ಮಲ್ಲೊಂದು ಕ್ಲಿನಿಕಲ್ ಟ್ರಯಲ್ ನಡೆದಿದೆ, ವಿಚಾರ ಮಾಡಿ ಹೇಳಿ" ಎಂದಿದ್ದರಂತೆ. ಹಿರಿಯರು ಬಹಳ ಸಂಕಟದಿಂದ ಕೇಳಿದರು: "ನೀವು ಬಿ.ಎಸ್ಸಿ. ಓದಿದವರು. ಹೇಳ್ರಿ, ನಮ್ಮ ಮನುಷ್ಯಾನ್ನ ಇಲಿ ಹಂಗ ಪ್ರಯೋಗಕ್ಕ ಕೊಡಬಹುದೇನು?"

"ಅವರು ಏನಂತಾರ?" ಎಂದೆ.

"ಯಾರು?"

"ನಿಮ್ಮ ಷಡ್ಡಕರು."

"ಅವರಿಗೆಲ್ಲಿ ಹೇಳೀವಿ? ಹುಣ್ಣಾಗೇದ ಅಂತ ಹೇಳೀವಿ."

ಆ ಸಂಜೆ ನಾನು ಅವರಿಗೆ ಸರಿಯಾದ ಉತ್ತರ ಕೊಡಲಿಲ್ಲ. ಬಸ್ಸು ಹಿಡಿದು ಬಿಬವೇವಾಡಿಗೆ ಮರಳುವಾಗ ಅವರು ಬಳಸಿದ 'ಕೊಡಬಹುದೇ' ಎಂಬ ಒಂದು ಶಬ್ದ ನನ್ನನ್ನು ಬಿಡಲಿಲ್ಲ. ಈ ಲೇಖನ ಅವರಿಗೆ ತಡವಾಗಿ ಕೊಡುತ್ತಿರುವ ಉತ್ತರ. ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ, ವೈದ್ಯನಲ್ಲ. ಆದ್ದರಿಂದ ಇದನ್ನು ಯಾರೂ ವೈದ್ಯಕೀಯ ಸಲಹೆ ಎಂದು ತಿಳಿಯಬಾರದು. ಆದರೆ ಇದೇ ಪ್ರಶ್ನೆ 2022ರಲ್ಲಿ ನನ್ನ ಮನೆಯ ಬಾಗಿಲಿಗೂ ಬಂದಿತ್ತು. ಆಗ ನಾನು ತಪ್ಪಿದೆ. ತಪ್ಪಿದವನಿಗೆ ಹೇಳುವ ಹಕ್ಕು ಸ್ವಲ್ಪ ಇರುತ್ತದೆಂದು ಭಾವಿಸಿ ಬರೆಯುತ್ತಿದ್ದೇನೆ.

ಮೊದಲಿಗೆ 'ಪ್ರಯೋಗ' ಎಂಬ ಶಬ್ದವೇ ನಮ್ಮನ್ನು ಬೆಚ್ಚಿಸುತ್ತದೆ. ಆದುದರಿಂದ ಅದು ಏನೆಂಬುದನ್ನು ಸಾವಕಾಶವಾಗಿ ತಿಳಿದುಕೊಳ್ಳೋಣ. ಹೊಸ ಔಷಧವೊಂದು ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ದಾಟಿದ ಮೇಲೆ ಮನುಷ್ಯರಲ್ಲಿ ಮೂರು ಮೆಟ್ಟಿಲು ಹತ್ತಬೇಕಾಗುತ್ತದೆ. ಮೊದಲನೆಯ ಹಂತದಲ್ಲಿ ಕೆಲವೇ ಜನರಲ್ಲಿ, ಎಷ್ಟು ಪ್ರಮಾಣ ಕೊಟ್ಟರೆ ದೇಹ ತಡೆದುಕೊಂಡೀತು ಎಂದು ನೋಡುತ್ತಾರೆ. ಎರಡನೆಯದರಲ್ಲಿ, ಗಡ್ಡೆಯ ಮೇಲೆ ಅದರ ಪರಿಣಾಮವೇನಾದರೂ ಇದೆಯೇ ಎಂದು ನೋಡುತ್ತಾರೆ. ಮೂರನೆಯದರಲ್ಲಿ, ಈಗ ರೂಢಿಯಲ್ಲಿರುವ ಚಿಕಿತ್ಸೆಗಿಂತ ಇದು ನಿಜವಾಗಿಯೂ ಮೇಲೇ ಎಂದು ನೂರಾರು ರೋಗಿಗಳಲ್ಲಿ ಹೋಲಿಸುತ್ತಾರೆ. ಈ ಮೂರನೆಯ ಹಂತದಲ್ಲಿ ಯಾರಿಗೆ ಹಳೆಯದು, ಯಾರಿಗೆ ಹೊಸದು ಎಂಬುದನ್ನು ಡಾಕ್ಟರರು ನಿರ್ಧರಿಸುವುದಿಲ್ಲ, ರೋಗಿಯೂ ನಿರ್ಧರಿಸುವುದಿಲ್ಲ. ಮ್ಹಾಡಾ ಮನೆಗಳಿಗೆ ಲಾಟರಿ ಎತ್ತುತ್ತಾರಲ್ಲ, ಹಾಗೆ ಗಣಕಯಂತ್ರ ಚೀಟಿ ಎತ್ತುತ್ತದೆ.

ಪ್ರಾಣದ ವಿಷಯದಲ್ಲಿ ಚೀಟಿಯೇ ಎಂದು ಯಾರಿಗಾದರೂ ಮೈ ಉರಿಯುವುದು ಸಹಜ. ಆದರೆ ಇದಕ್ಕೆ ಕಾರಣವುಂಟು. ಡಾಕ್ಟರರೇ ಆರಿಸಿದರೆ, ಗಟ್ಟಿಮುಟ್ಟಾದವರಿಗೆ ಹೊಸ ಔಷಧ ಕೊಟ್ಟು, ನಿಶ್ಶಕ್ತರಿಗೆ ಹಳೆಯದನ್ನು ಕೊಡುವ ಸಂಭವವಿದೆ. ಆಗ ಗಟ್ಟಿಯಾದವರು ಹೆಚ್ಚು ದಿನ ಬದುಕಿದರೆ ಅದು ಔಷಧದ ಗುಣವೋ ದೇಹದ ಗುಣವೋ ತಿಳಿಯುವುದಿಲ್ಲ. ಕಾಲೇಜಿನಲ್ಲಿ ಟೈಟ್ರೇಶನ್ ಮಾಡುವಾಗ 'ಬ್ಲ್ಯಾಂಕ್' ರೀಡಿಂಗ್ ಇಲ್ಲದ ಜರ್ನಲ್ಲಿಗೆ ನಮ್ಮ ಗುರುಗಳು ಸಹಿ ಹಾಕುತ್ತಿರಲಿಲ್ಲ. ಯಾವುದರೊಡನೆ ಹೋಲಿಸುತ್ತೀ ಎಂಬುದು ಗೊತ್ತಿಲ್ಲದಿದ್ದರೆ ನಿನ್ನ ಅಂಕಿಗೆ ಅರ್ಥವಿಲ್ಲ ಎನ್ನುತ್ತಿದ್ದರು. ತರ್ಕ ಅದೇ. ಆದರೆ ಬ್ಯುರೆಟ್ಟಿನಲ್ಲಿದ್ದದ್ದು ಆಮ್ಲ. ಇಲ್ಲಿರುವವನು ಮನೆಯಲ್ಲಿ ಹೆಂಡತಿ ಮಕ್ಕಳು ದಾರಿ ಕಾಯುತ್ತಿರುವ ಮನುಷ್ಯ. ನೈತಿಕ ಪ್ರಶ್ನೆ ಹುಟ್ಟುವುದು ಈ ವ್ಯತ್ಯಾಸದಲ್ಲಿ.

ಅನ್ನನಾಳ, ಜಠರ, ಪಿತ್ತಕೋಶ, ಕರುಳು ಇವುಗಳ ಕ್ಯಾನ್ಸರ್ ನಮ್ಮ ಜನಕ್ಕೆ ಅಪರಿಚಿತವಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಗಂಡಸರಲ್ಲಿ ಜಠರ ಮತ್ತು ಅನ್ನನಾಳದ ಕ್ಯಾನ್ಸರುಗಳು ಆ ಪಟ್ಟಿಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತ ಬಂದಿವೆ. ಊಟ ಗಂಟಲಲ್ಲಿ ಇಳಿಯದು, ಹೊಟ್ಟೆಯಲ್ಲಿ ನಿಲ್ಲದು ಎಂದು ಶುರುವಾಗಿ, ಊರಿನಿಂದ ಪುಣೆಗೋ ಮುಂಬಯಿಗೋ ಕರೆತಂದ ಸಂಬಂಧಿಕರು ನಮ್ಮಲ್ಲಿ ಬಹಳ ಮನೆಗಳಲ್ಲಿ ಇದ್ದಾರೆ. ಅವರಿಗೆ ಡಾಕ್ಟರರು ಕೊಡುವ ಚಿಕಿತ್ಸೆ ಎಲ್ಲಿಂದ ಬಂತು?

ಅನ್ನನಾಳದ ಕ್ಯಾನ್ಸರಿನ ಮಾತನ್ನೇ ತೆಗೆದುಕೊಳ್ಳಿ. ಮೊದಲು ನೇರವಾಗಿ ಶಸ್ತ್ರಚಿಕಿತ್ಸೆ ಮಾಡುವುದೋ, ಔಷಧ ಮತ್ತು ವಿಕಿರಣ ಕೊಟ್ಟು ಆ ಮೇಲೆ ಮಾಡುವುದೋ ಎಂಬ ವಾದ ಬಹಳ ವರ್ಷ ನಡೆದಿತ್ತು. ನೆದರ್ಲೆಂಡ್ಸ್ ದೇಶದಲ್ಲಿ 2004ರಿಂದ 2008ರ ವರೆಗೆ 366 ರೋಗಿಗಳನ್ನು ಚೀಟಿಯ ಮೂಲಕ ಎರಡು ಗುಂಪು ಮಾಡಿ ಹೋಲಿಸಿದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ನೇರ ಶಸ್ತ್ರಚಿಕಿತ್ಸೆಯಾದವರಲ್ಲಿ ಅರ್ಧದಷ್ಟು ಜನ ಸುಮಾರು 24 ತಿಂಗಳು ದಾಟಿದರು. ಮೊದಲು ಔಷಧ, ವಿಕಿರಣ ಪಡೆದವರಲ್ಲಿ ಅರ್ಧದಷ್ಟು ಜನ 49 ತಿಂಗಳು ದಾಟಿದರು. ಜಠರದ ಕ್ಯಾನ್ಸರಿನಲ್ಲಿ ಬ್ರಿಟಿಷ್ ವೈದ್ಯರು 503 ರೋಗಿಗಳಲ್ಲಿ ಮಾಡಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲೂ ಅನಂತರವೂ ಔಷಧ ಕೊಟ್ಟಾಗ ಐದು ವರ್ಷ ಬದುಕುವವರ ಸಂಖ್ಯೆ ನೂರಕ್ಕೆ 23ರಿಂದ 36ಕ್ಕೆ ಏರಿತು. 2019ರಲ್ಲಿ ಜರ್ಮನಿಯವರು 716 ರೋಗಿಗಳ ಮೂಲಕ ಇನ್ನೂ ಮೇಲಾದ ಔಷಧಗಳ ಜೋಡಣೆಯನ್ನು ತೋರಿಸಿಕೊಟ್ಟರು.

ಈ ಅಂಕಿಗಳನ್ನು ಓದುವಾಗ ನಾವು ಗೆದ್ದ ಗುಂಪನ್ನೇ ನೋಡುತ್ತೇವೆ. ಇನ್ನೊಂದು ಗುಂಪೂ ಇತ್ತು. ಅವರಿಗೂ ಹೆಸರಿತ್ತು, ಊರಿತ್ತು. ಚೀಟಿಯಲ್ಲಿ ಅವರ ಪಾಲಿಗೆ ಹಳೆಯದು ಬಂತು. ಅವರು ಬದುಕಿದ ದಿನಗಳನ್ನು ಎಣಿಸಿಯೇ ಇಂದು ನಮ್ಮ ಮನೆಯವರಿಗೆ ಮೇಲಾದ ಚಿಕಿತ್ಸೆ ಸಿಗುತ್ತಿದೆ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣಗಳನ್ನು ಹೇಳಿದರು. ಆಸ್ಪತ್ರೆಯ ಮೆಟ್ಟಿಲು ಹತ್ತಿದವನಿಗೆ ನಾಲ್ಕನೆಯದೊಂದು ಋಣವಿದೆ: ತನಗಿಂತ ಮೊದಲು ಅದೇ ರೋಗದಿಂದ ನರಳಿದ, ತಾನು ಎಂದೂ ಕಾಣದ ರೋಗಿಗಳ ಋಣ.

ಹಾಗಾದರೆ ಪ್ರತಿಯೊಬ್ಬ ರೋಗಿಯೂ ಪ್ರಯೋಗಕ್ಕೆ ಸೇರಿ ಋಣ ತೀರಿಸಬೇಕೇ? ಇಲ್ಲಿ ಅವಸರಪಡಬಾರದು. ನಮ್ಮ ದೇಶದಲ್ಲೇ ನಡೆದ ಒಂದು ಪರೀಕ್ಷೆಯನ್ನು ನೋಡೋಣ. ಪಿತ್ತಕೋಶದ ಕ್ಯಾನ್ಸರ್ ಗಂಗಾನದಿಯ ಬಯಲಿನಲ್ಲಿ ಹೆಚ್ಚು. ಬಹಳ ಮಂದಿ ಶಸ್ತ್ರಚಿಕಿತ್ಸೆಯ ಕಾಲ ಮೀರಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಅಂಥವರಿಗೆ ಔಷಧ ಕೊಟ್ಟು ಪ್ರಯೋಜನವುಂಟೇ ಎಂಬುದು ಗೊತ್ತಿರಲಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು ಇಂಥ 81 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನೋವು ಶಮನ ಮೊದಲಾದ ಆರೈಕೆ ಮಾತ್ರ; ಎರಡನೆಯದಕ್ಕೆ ಆರೈಕೆಯ ಜೊತೆ ಬಹುಕಾಲದಿಂದ ಬಳಕೆಯಲ್ಲಿದ್ದ ಫ್ಲೂರೋಯುರಾಸಿಲ್; ಮೂರನೆಯದಕ್ಕೆ ಜೆಮ್‌ಸಿಟಬಿನ್ ಮತ್ತು ಆಕ್ಸಾಲಿಪ್ಲಾಟಿನ್ ಎಂಬ ಎರಡು ಔಷಧಗಳು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆರೈಕೆ ಮಾತ್ರ ಪಡೆದವರು ಬದುಕಿದ ಮಧ್ಯಮ ಅವಧಿ 4.5 ತಿಂಗಳು, ಹಳೆಯ ಔಷಧ ಪಡೆದವರು 4.6 ತಿಂಗಳು, ಎರಡು ಔಷಧ ಪಡೆದವರು 9.5 ತಿಂಗಳು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮೂರರಲ್ಲೊಂದು ಪಾಲು ಜನಕ್ಕೆ ಕ್ಯಾನ್ಸರಿನ ಔಷಧವನ್ನೇ ಕೊಡದೆ ನೋಡಿದರೇ ಎಂದು ಸಿಟ್ಟು ಬಂತು. ಆಮೇಲೆ ನಡುವಿನ ಅಂಕಿಯನ್ನು ಮತ್ತೊಮ್ಮೆ ನೋಡಿದೆ. 4.6. ಅಂದರೆ, ಹಳೆಯ ಔಷಧದ ಸೂಜಿ ಚುಚ್ಚಿಸಿಕೊಂಡು, ಮತ್ತೆ ಮತ್ತೆ ಆಸ್ಪತ್ರೆಗೆ ಅಲೆದವರಿಗೆ ಏನೂ ಮಾಡಿಸಿಕೊಳ್ಳದವರಿಗಿಂತ ಹೆಚ್ಚಿನ ದಿನಗಳು ದಕ್ಕಲಿಲ್ಲ. ಕರುಣೆಯುಳ್ಳ ಯಾವುದೇ ವೈದ್ಯ, 'ಪಾಪ, ಏನಾದರೂ ಕೊಡೋಣ' ಎಂದು ಕೊಡಬಹುದಾಗಿದ್ದ ಔಷಧ ಅದು. ಕರುಣೆ ಒಳ್ಳೆಯದೇ, ಆದರೆ ಕರುಣೆಯೊಂದೇ ಯಾವುದು ಔಷಧ, ಯಾವುದು ಔಷಧವಲ್ಲ ಎಂದು ತಿಳಿಸಲಾರದು. ಆ 81 ಜನರ ದೆಸೆಯಿಂದ ಅನಂತರ ಬಂದ ರೋಗಿಗಳಿಗೆ ನಿರುಪಯೋಗಿ ಸೂಜಿ ತಪ್ಪಿತು, ಉಪಯೋಗದ್ದು ದೊರೆಯಿತು.

ಚೀಟಿ ಎತ್ತುವುದು ಎಂದು ನ್ಯಾಯ, ಎಂದು ಅನ್ಯಾಯ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಎರಡರಲ್ಲಿ ಯಾವುದು ಮೇಲೆಂದು ವೈದ್ಯರಿಗೆ ನಿಜವಾಗಿಯೂ ಗೊತ್ತಿಲ್ಲದಾಗ ಚೀಟಿ ನ್ಯಾಯ. ಗೊತ್ತಿದ್ದೂ ಎತ್ತಿದರೆ ಅದು ಮೋಸ. 2022ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದು ಗುದನಾಳದ ಕ್ಯಾನ್ಸರಿನ 12 ರೋಗಿಗಳಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಔಷಧ ಕೊಟ್ಟು, 12 ಮಂದಿಯಲ್ಲೂ ಗಡ್ಡೆ ಕಾಣದಂತಾಯಿತು ಎಂದು ಪ್ರಕಟಿಸಿತು. ಅಲ್ಲಿ ಚೀಟಿ ಎತ್ತಿರಲಿಲ್ಲ. ಹನ್ನೆರಡಕ್ಕೆ ಹನ್ನೆರಡು ಬಂದಾಗ ಹೋಲಿಕೆಗಾಗಿ ಬೇರೊಬ್ಬರನ್ನು ಕಾಯಿಸುವುದು ಕಷ್ಟವೇ. ಆದರೆ ನಮ್ಮ ಕಚೇರಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಸುದ್ದಿ, 'ಕ್ಯಾನ್ಸರಿಗೆ ಮದ್ದು ಸಿಕ್ಕಿತು' ಎಂದು. ಆ ಔಷಧ ಕೆಲಸ ಮಾಡಿದ್ದು ಜೀವಕೋಶದ ಒಂದು ವಿಶಿಷ್ಟ ದೋಷವಿರುವ ಗಡ್ಡೆಗಳ ಮೇಲೆ. ಗುದನಾಳದ ಕ್ಯಾನ್ಸರುಗಳಲ್ಲಿ ಅಂಥವು ನೂರಕ್ಕೆ ಐದೋ ಹತ್ತೋ. ಆಸೆ ಹೆಚ್ಚಿದ್ದಷ್ಟೂ ಓದುವುದು ಕಡಿಮೆಯಾಗುತ್ತದೆಂಬುದಕ್ಕೆ ಇದು ನಿದರ್ಶನ.

ಈಗ 'ಕೊಡುವ' ಮಾತಿಗೆ ಬರೋಣ. ಶಿಬಿ ಚಕ್ರವರ್ತಿ ಪಾರಿವಾಳವನ್ನು ಉಳಿಸಲು ತನ್ನ ತೊಡೆಯ ಮಾಂಸವನ್ನು ಕೊಯ್ದು ತಕ್ಕಡಿಗೆ ಹಾಕಿದ. ಅವನು ತನ್ನ ಪ್ರಜೆಯೊಬ್ಬನ ತೊಡೆಯನ್ನು ಕೊಯ್ಯಿಸಿ ಹಾಕಿದ್ದರೂ ಪಾರಿವಾಳ ಉಳಿಯುತ್ತಿತ್ತು. ಆದರೆ ಆಗ ಅವನನ್ನು ಯಾರೂ ಧರ್ಮಾತ್ಮನೆನ್ನುತ್ತಿರಲಿಲ್ಲ. ದಧೀಚಿಯ ಎಲುಬು ವಜ್ರಾಯುಧಕ್ಕೆ ಬೇಕಾಗಿತ್ತು. ಲೋಕಕ್ಕೆಲ್ಲ ಒಳಿತಾಗುವ ಕೆಲಸವೇ. ಆದರೂ ದೇವತೆಗಳು ಅವನ ಆಶ್ರಮಕ್ಕೆ ಬಂದು ಕೇಳಿದರು. ಅವನು ಹೂಂ ಎಂದ. ಫಲ ಒಂದೇ ಆದರೂ, ಕೇಳಿ ಪಡೆದದ್ದು ದಾನ; ಕೇಳದೆ ತೆಗೆದದ್ದು ಅಪಹಾರ. ಹಾಗೆಯೇ ಋಣವೆಂದು ನಾನು ಹೇಳಿದ್ದು ರೋಗಿ ತಾನೇ ನೆನೆಯಬೇಕಾದ ಋಣ. ಬೇರೆಯವರು ಬಾಗಿಲಿಗೆ ಬಂದು ವಸೂಲು ಮಾಡುವ ಸಾಲವಲ್ಲ.

ಕೇಳದೆ ತೆಗೆದದ್ದೂ ನಮ್ಮ ದೇಶದಲ್ಲಿ ನಡೆದಿದೆ. 1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿಯ ಕ್ಯಾನ್ಸರಿನ 26 ರೋಗಿಗಳಿಗೆ ಅಮೆರಿಕದ ವಿಜ್ಞಾನಿಯೊಬ್ಬರ ಪ್ರಯೋಗದ ರಾಸಾಯನಿಕವನ್ನು ಚುಚ್ಚಿದ ಪ್ರಕರಣ ಹೊರಬಿತ್ತು. ಪ್ರಾಣಿಗಳ ಮೇಲಿನ ಪರೀಕ್ಷೆ ಸಾಲದಾಗಿತ್ತು, ರೋಗಿಗಳಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂದು ಆ ವಿಜ್ಞಾನಿ ಕೆಲಸ ಮಾಡುತ್ತಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವೇ 2001ರಲ್ಲಿ ಒಪ್ಪಿಕೊಂಡಿತು. ಇಂಥ ಘಟನೆಗಳಿಂದ ಪಾಠ ಕಲಿತು ಕಾನೂನು ಬಿಗಿಯಾಗುತ್ತ ಬಂದಿದೆ. 2007ರಲ್ಲಿ ಕ್ಲಿನಿಕಲ್ ಟ್ರಯಲ್ಲುಗಳ ರಾಷ್ಟ್ರೀಯ ನೋಂದಣಿ ಆರಂಭವಾಯಿತು, 2009ರಿಂದ ಅದು ಕಡ್ಡಾಯವಾಯಿತು. 2019ರ ನಿಯಮಗಳ ಪ್ರಕಾರ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗ ಆರಂಭಿಸುವಂತಿಲ್ಲ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ತಿಳಿಸಿ ಅವನ ಒಪ್ಪಿಗೆ ಪಡೆಯಬೇಕು. ಓದು ಬಾರದವನಾದರೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬ ಇರಬೇಕು. ಬುದ್ಧಿ ಸ್ವಸ್ಥವಾಗಿರುವ ವಯಸ್ಕನ ಪರವಾಗಿ ಮಗನಾಗಲಿ ಹೆಂಡತಿಯಾಗಲಿ ಒಪ್ಪಿಗೆ ಕೊಡುವಂತಿಲ್ಲ.

ಇಷ್ಟಾದರೂ ಕಾಗದದ ಮೇಲಿನ ಒಪ್ಪಿಗೆಯೆಲ್ಲ ಮನಸ್ಸಿನ ಒಪ್ಪಿಗೆಯಲ್ಲ. 2020ರ ಆಗಸ್ಟ್ 26ರಂದು ನಮ್ಮ ಬಿಬವೇವಾಡಿಗೆ ದೂರವಲ್ಲದ ಭಾರತಿ ಆಸ್ಪತ್ರೆಯಲ್ಲಿ ಕೋವಿಶೀಲ್ಡ್ ಲಸಿಕೆಯ ಪರೀಕ್ಷೆಗಾಗಿ ಮೊದಲ ಸ್ವಯಂಸೇವಕರು ತೋಳು ಕೊಟ್ಟದ್ದು ಅನೇಕರಿಗೆ ನೆನಪಿರಬಹುದು. ಅವರು ಆರೋಗ್ಯವಂತರು, ಬೇಡವೆನಿಸಿದ್ದರೆ ಮನೆಯಲ್ಲೇ ಇರಬಹುದಿತ್ತು. ಕ್ಯಾನ್ಸರ್ ರೋಗಿಯ ಸ್ಥಿತಿ ಹಾಗಲ್ಲ. ಅವನು ಹೆದರಿದ್ದಾನೆ. ಎದುರಿಗಿರುವ ಡಾಕ್ಟರನೇ ಅವನ ಪಾಲಿನ ದೇವರು. ಬಡವನಾದರೆ, ಪ್ರಯೋಗಕ್ಕೆ ಸೇರಿದರೆ ಔಷಧ ಉಚಿತವೆಂಬ ಒಂದೇ ಮಾತು ಅವನ ಕೈಯಿಂದ ಸಹಿ ಹಾಕಿಸೀತು. ಆದ್ದರಿಂದ 'ಒಲ್ಲೆ ಎಂದರೂ ನಿನ್ನ ಚಿಕಿತ್ಸೆಗೆ ಕುಂದು ಬಾರದು, ನಡುವೆ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು' ಎಂಬ ಮಾತು ಅವನ ಕಿವಿಗೆ ಬೀಳಲೇಬೇಕು. ಒಲ್ಲೆ ಎನ್ನಲು ಆಗದವನ ಹೂಂ ಎಂಬ ಮಾತಿಗೆ ಬೆಲೆಯಿಲ್ಲ.

ಇಲ್ಲಿಯ ತನಕ ನಾನು ಡಾಕ್ಟರರ, ಕಾನೂನಿನ ಮಾತಾಡಿದೆ. ಇನ್ನು ನನ್ನ ಮಾತು.

ನನ್ನ ತಂದೆಯವರು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದು ನಿವೃತ್ತರಾದವರು. 2022ರ ಮಳೆಗಾಲದಲ್ಲಿ ಊಟ ಸೇರದೆ ಸೊರಗಿದ್ದರೆಂದು ಪುಣೆಗೆ ಕರೆತಂದೆ. ಜಠರದ ಕ್ಯಾನ್ಸರ್ ಎಂದಾಯಿತು. ಆಸ್ಪತ್ರೆಯಲ್ಲಿ ಒಬ್ಬ ತರುಣ ವೈದ್ಯೆ ನನ್ನನ್ನು ಕೂಡ್ರಿಸಿಕೊಂಡು ಸಮಾಧಾನದಿಂದ ವಿವರಿಸಿದರು. ರೂಢಿಯ ಚಿಕಿತ್ಸೆಯೆಂದರೆ ನಾಲ್ಕು ಸಲ ಔಷಧ, ಆಮೇಲೆ ಶಸ್ತ್ರಚಿಕಿತ್ಸೆ, ಮತ್ತೆ ನಾಲ್ಕು ಸಲ ಔಷಧ. ಶಸ್ತ್ರಚಿಕಿತ್ಸೆಗೆ ಮೊದಲು ವಿಕಿರಣವನ್ನೂ ಕೊಟ್ಟರೆ ಒಳ್ಳೆಯದಾದೀತೇ ಎಂಬುದನ್ನು ನೋಡಲು ಒಂದು ಟ್ರಯಲ್ ನಡೆದಿದೆ. ಅರ್ಧ ಜನಕ್ಕೆ ಅದು ಸಿಗುತ್ತದೆ, ಅರ್ಧ ಜನಕ್ಕೆ ಇಲ್ಲ. ಇಂಗ್ಲಿಷು, ಮರಾಠಿ, ಹಿಂದಿಯಲ್ಲಿ ಹದಿನೈದು ಪುಟಗಳ ಕಾಗದವಿತ್ತು. "ಆಜೋಬಾ ಯಾವ ಭಾಷೆ ಓದುತ್ತಾರೆ?" ಎಂದು ಕೇಳಿದರು. ಕನ್ನಡ ಎಂದೆ. "ಕನ್ನಡದ್ದು ಮಾಡಿಸಿ ಸಮಿತಿಯಿಂದ ಒಪ್ಪಿಗೆ ಪಡೆಯಲು ಕೆಲವು ದಿನ ಬೇಕು, ಮಾಡಿಸಲೇ?" ಎಂದರು.

"ಬೇಡ, ನಾನೇ ಹೇಳುತ್ತೇನೆ" ಎಂದೆ.

ಹೇಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬಾಗಲಕೋಟೆಯ ಅಣ್ಣನಿಗೆ, ಸೊಲ್ಲಾಪುರದ ಅಕ್ಕನಿಗೆ ಫೋನು ಮಾಡಿದೆ. "ಪ್ರಯೋಗ ಗೀಯೋಗ ಏನೂ ಬ್ಯಾಡ" ಎಂದು ಅಣ್ಣ. "ಅಪ್ಪಗ ಮಾತ್ರ ಏನೂ ಹೇಳಬ್ಯಾಡ" ಎಂದು ಅಕ್ಕ ಅತ್ತಳು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಒಳಗೆ ಹೋಗಿ ವೈದ್ಯೆಯವರಿಗೆ, "ನಮ್ಮ ತಂದೆಯವರು ಒಲ್ಲೆ ಅಂದರು" ಎಂದೆ. ತಂದೆಯವರು ಮೂವತ್ತು ಹೆಜ್ಜೆ ಆಚೆ ಕಿಟಕಿಯ ಹತ್ತಿರ ಬೆಂಚಿನ ಮೇಲೆ ಕೂತು, ಊರಿನಿಂದ ತಂದಿದ್ದ ಹಳೆಯ ಕನ್ನಡ ಪತ್ರಿಕೆ ಓದುತ್ತಿದ್ದರು. "ಏನಂದ್ರು?" ಎಂದು ಕೇಳಿದರು. "ಹುಣ್ಣು ಅಪ್ಪಾ, ಆಪರೇಶನ್ ಮಾಡತಾರಂತ" ಎಂದೆ.

ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿದ್ದಾಗ ಒಂದು ದಿನ ಅವರು ನೇರವಾಗಿ, "ಇದು ಕ್ಯಾನ್ಸರ್ ಹೌದಲ್ಲೋ ತಮ್ಮಾ?" ಎಂದರು. ಕೂದಲುದುರಿದವರ ನಡುವೆ ನಾಲ್ಕು ಸಲ ಔಷಧ ಹಾಕಿಸಿಕೊಂಡು ಬಂದವರಿಗೆ ಅದು ತಿಳಿಯದಿರಲು ಅವರೇನು ಕೂಸೇ? ಇನ್ನು ಮುಚ್ಚಿಡಲಾರದೆ ಎಲ್ಲವನ್ನೂ ಹೇಳಿದೆ. ಟ್ರಯಲ್ಲಿನ ವಿಷಯವನ್ನೂ ಹೇಳಿದೆ. ರೋಗದ ಹೆಸರು ಕೇಳಿ ಅವರು ಕದಲಲಿಲ್ಲ. ಆದರೆ ಟ್ರಯಲ್ಲಿನ ಮಾತು ಕೇಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಮೂವತ್ತೆಂಟು ವರ್ಷ ಸಾಲಿ ಕಲಿಸೀನಿ. ಯಾವ ಹುಡುಗನ ಉತ್ತರಾನೂ ನಾ ಬರದು ಕೊಡಲಿಲ್ಲ. ನನ್ನ ಉತ್ತರಾ ನೀ ಬರದಿ" ಎಂದರು.

"ಕೇಳಿದ್ದರ ಏನಂತಿದ್ದಿರಿ ಅಪ್ಪಾ?"

"ಈಗ ಹ್ಯಾಂಗ ಹೇಳಲಿ? ಆವಾಗ ಕೇಳಿದ್ದರ ಆವಾಗ ಹೇಳತಿದ್ದೆ."

2024ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಯುರೋಪುಗಳ 574 ರೋಗಿಗಳಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಜಠರದ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಔಷಧದ ಜೊತೆ ವಿಕಿರಣ ಸೇರಿಸಿದ್ದರಿಂದ ರೋಗಿಗಳು ಹೆಚ್ಚು ಕಾಲ ಬದುಕಲಿಲ್ಲ: ವಿಕಿರಣ ಪಡೆದವರ ಮಧ್ಯಮ ಅವಧಿ 46 ತಿಂಗಳು, ಪಡೆಯದವರದು 49. ನನ್ನ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು, "ನೋಡಿ, ನೀವು ಬೇಡವೆಂದದ್ದೇ ಸರಿಯಾಯಿತು" ಎಂದು ಸಮಾಧಾನ ಹೇಳಿದರು. ಅದು ಸಮಾಧಾನವಾಗಲಿಲ್ಲ. ಕಡತವನ್ನು ಓದದೆ ಹಾಕಿದ ಸಹಿ ಆಡಿಟ್ಟಿನಲ್ಲಿ ಪಾರಾದ ಮಾತ್ರಕ್ಕೆ ಅದು ಓದಿ ಹಾಕಿದ ಸಹಿಯಾಗುವುದಿಲ್ಲ. 2022ರಲ್ಲಿ ಆ ಉತ್ತರ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಾಗಿಯೇ ಪರೀಕ್ಷೆ ನಡೆದಿತ್ತು. ನಾನು ಬೇಡವೆಂದದ್ದು ತಿಳಿದು ಅಲ್ಲ, ಹೆದರಿ. ವಿಕಿರಣದಿಂದ ಲಾಭವೆಂದು ಫಲಿತಾಂಶ ಬಂದಿದ್ದರೂ ನನ್ನ ತಪ್ಪು ಇದಕ್ಕಿಂತ ಹೆಚ್ಚಾಗುತ್ತಿರಲಿಲ್ಲ. ತಪ್ಪು ಇದ್ದದ್ದು 'ಒಲ್ಲೆ' ಎಂಬ ಉತ್ತರದಲ್ಲಿ ಅಲ್ಲ. ಬೇರೆಯವರ ಬಾಯಿಯ ಉತ್ತರವನ್ನು ನಾನು ಆಡಿದ್ದರಲ್ಲಿ.

ರೋಗಿಗೆ ರೋಗದ ಹೆಸರು ಹೇಳಬಾರದೆಂಬುದು ನಮ್ಮ ಕುಟುಂಬಗಳಲ್ಲಿ ಒಂದು ಅಲಿಖಿತ ಕಾನೂನು. ಅದು ಕ್ರೂರತನದಿಂದ ಹುಟ್ಟಿದ್ದಲ್ಲ, ಪ್ರೀತಿಯಿಂದ ಹುಟ್ಟಿದ್ದು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಎದೆ ಒಡೆದುಕೊಂಡಾರು, ಇದ್ದ ನಾಲ್ಕು ದಿನವೂ ನೆಮ್ಮದಿಯಿಂದ ಇರಲಾರರು ಎಂಬ ಭಯ. ಆದರೆ ಬರಗಾಲ ಕಂಡ, ಹೆತ್ತ ಮಕ್ಕಳನ್ನು ಮಣ್ಣುಮಾಡಿದ, ಊರಿನ ನೂರು ಜಗಳ ಬಗೆಹರಿಸಿದ ಹಿರಿಯರು ಒಂದು ಶಬ್ದವನ್ನು ತಡೆದುಕೊಳ್ಳಲಾರರೆಂದು ನಾವು ಹೇಗೆ ತೀರ್ಮಾನಿಸಿದೆವು? ನನ್ನನ್ನೇ ನಾನು ಕೇಳಿಕೊಂಡಾಗ ತಿಳಿದದ್ದು, ಹೇಳುವ ಧೈರ್ಯವಿಲ್ಲದ್ದು ನನಗೆ. ಕೇಳುವ ಧೈರ್ಯ ಅವರಿಗಿತ್ತು.

ಎಲ್ಲರಿಗೂ ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಬೇಕೆಂಬುದು ನನ್ನ ವಾದವಲ್ಲ. "ನನಗ ಏನೂ ಹೇಳಬ್ಯಾಡ್ರಿ, ನೀವs ನೋಡಿಕೊಳ್ರಿ" ಎನ್ನುವ ರೋಗಿಗಳೂ ಇದ್ದಾರೆ. ಅದೂ ಅವರ ಉತ್ತರವೇ, ಅದನ್ನೂ ಗೌರವಿಸಬೇಕು. ಆದರೆ ಆ ಉತ್ತರ ಬರಬೇಕಾದರೂ ಒಂದು ಸಲ ಕೇಳಲೇಬೇಕಲ್ಲ? "ರಿಪೋರ್ಟು ಬಂದಾವ. ನಿಮಗೆ ಎಷ್ಟು ಹೇಳಬೇಕಂತೀರಿ?" ಎಂಬ ಪ್ರಶ್ನೆಯಿಂದ ಯಾರ ಎದೆಯೂ ಒಡೆಯುವುದಿಲ್ಲ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. 2023ರಲ್ಲಿ ತಂದೆಯವರ ರೋಗ ಮರಳಿತು. ಮತ್ತೆ ಔಷಧ ಶುರುವಾಯಿತು, ಅನ್ನ ಕಂಡರೆ ಮುಖ ತಿರುಗಿಸತೊಡಗಿದರು. ಅವ್ವ ತಾಟು ಹಿಡಿದು ಕುಳಿತು ಅಳುತ್ತಿದ್ದಳು. ಡಾಕ್ಟರರು ಓಲಾನ್ಜಪೀನ್ ಎಂಬ ಮಾತ್ರೆಯನ್ನು, ಬಹಳ ಸಣ್ಣ ಪ್ರಮಾಣದಲ್ಲಿ, 2.5 ಮಿಲಿಗ್ರಾಂ ಬರೆದುಕೊಟ್ಟರು. ಮಾನಸಿಕ ರೋಗಗಳಿಗೆ ಕೊಡುವ ಹಳೆಯ, ಅಗ್ಗದ ಮಾತ್ರೆ ಅದು. ಪುದುಚೇರಿಯ ಜಿಪ್‌ಮರ್ ಸಂಸ್ಥೆಯಲ್ಲಿ ಜಠರ, ಯಕೃತ್ತು, ಮೇದೋಜೀರಕ, ಪಿತ್ತನಾಳ, ಶ್ವಾಸಕೋಶಗಳ ಕ್ಯಾನ್ಸರಿನ 124 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ, ಅದೇ ವರ್ಷ ಫಲಿತಾಂಶ ಪ್ರಕಟಿಸಿದ್ದರು. ಒಂದು ಗುಂಪಿಗೆ ಈ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಮಾತ್ರೆ ಪಡೆದವರಲ್ಲಿ ನೂರಕ್ಕೆ 60 ಮಂದಿಯ ತೂಕ ನೂರಕ್ಕೆ ಐದಕ್ಕಿಂತ ಹೆಚ್ಚು ಏರಿತು. ಹುಸಿಮಾತ್ರೆಯವರಲ್ಲಿ ನೂರಕ್ಕೆ 9 ಮಂದಿಗೆ ಮಾತ್ರ.

ಎಂಟು ದಿನಗಳಾದ ಮೇಲೆ ತಂದೆಯವರು ಇನ್ನರ್ಧ ರೊಟ್ಟಿ ಹಾಕು ಎಂದರು. ಆ ದಿನ ನಾನು ಅವರಿಗೆ ಪುದುಚೇರಿಯ ವಿಷಯವನ್ನು ಪೂರ್ತಿಯಾಗಿ ಹೇಳಿದೆ. ಅಷ್ಟರಲ್ಲಿ ನಾನು ಹೇಳುವುದನ್ನು ಕಲಿತಿದ್ದೆ. ಅವರು ಕೇಳಿ, "ಖಾಲಿ ಗುಳಿಗಿ ನುಂಗಿದವರು ಪಾಪ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಖಾಲಿ ಇರಬಹುದು ಅಂತ ಅವರಿಗೆ ಮೊದಲs ಹೇಳಿದ್ದರೇನು?" ಎಂದರು. ಹೇಳದೆ ಕೊಡುವಂತಿಲ್ಲ ಎಂದೆ. "ಹಂಗಾದರ ಛಲೋ" ಎಂದು ರೊಟ್ಟಿ ಮುರಿದರು.

ನಮ್ಮ ಸಂಘಕ್ಕೆ ನನ್ನದೊಂದು ಸೂಚನೆ. ಊರಿನಿಂದ ಬರುವ ಕನ್ನಡ ರೋಗಿಗಳಿಗೆ ಇಲ್ಲಿಯ ಆಸ್ಪತ್ರೆಗಳ ಕಾಗದ ಓದಲು ಬರುವುದಿಲ್ಲ. ಓದಿ ಹೇಳುವ ಮಗನೋ ಅಳಿಯನೋ ನನ್ನ ಹಾಗೆ ಅಂಜಿ ಅರ್ಧ ನುಂಗುತ್ತಾನೆ. ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಬಲ್ಲ ನಾಲ್ಕಾರು ಸದಸ್ಯರು ಮುಂದೆ ಬಂದರೆ, ಕೇಳಿದವರ ಜೊತೆ ಆಸ್ಪತ್ರೆಗೆ ಹೋಗಿ ಕಾಗದವನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳಬಹುದು. ಇದು ಯಾವ ಹಂತದ ಪ್ರಯೋಗ? ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ? ನಡುವೆ ಬಿಡಬಹುದೇ? ಹಾನಿಯಾದರೆ ಹೊಣೆ ಯಾರದು? ನೋಂದಣಿ ಸಂಖ್ಯೆ ಎಷ್ಟು? ಕನ್ನಡದ ಕಾಗದ ಸಿಗುತ್ತದೆಯೇ? ಈ ಆರು ಪ್ರಶ್ನೆಗಳನ್ನು ರೋಗಿಯ ಎದುರಿಗೇ ಕೇಳಿದರೆ ಸಾಕು. ಸಲಹೆ ಕೊಡುವುದು ಬೇಡ. ಹೂಂ ಅಥವಾ ಒಲ್ಲೆ, ಅದು ರೋಗಿಗೆ ಬಿಟ್ಟದ್ದು. ಈ ಕೆಲಸಕ್ಕೆ ಮೊದಲನೆಯ ಹೆಸರು ನನ್ನದನ್ನು ಬರೆದುಕೊಳ್ಳಬಹುದು.

ಈ ಲೇಖನವನ್ನು ಬರೆದು ಮುಗಿಸುವ ಮೊದಲು ಆ ಹಿರಿಯ ಸದಸ್ಯರಿಗೆ ಫೋನು ಮಾಡಿ, ಅವರ ಮಾತನ್ನು ಇಲ್ಲಿ ಬಳಸಬಹುದೇ ಎಂದು ಕೇಳಿದೆ. ಷಡ್ಡಕರನ್ನೇ ಕೇಳಿ ತಿಳಿಸುತ್ತೇನೆಂದರು. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ಮನೆಯವರೆಲ್ಲ ಕೂತು ಷಡ್ಡಕರಿಗೆ ವಿಷಯ ತಿಳಿಸಿದ್ದರಂತೆ. ಬರೆಯಲಿ ಎಂದರಂತೆ. ಆಮೇಲೆ ಕನ್ನಡಕ ತರಿಸಿಕೊಂಡು, "ಆ ಕಾಗದ ಇಲ್ಲಿ ಕೊಡ್ರಿ, ನಾನೂ ಒಮ್ಮೆ ನೋಡತೀನಿ" ಎಂದರಂತೆ.